ಜೂನ್ ಒಂದರಂದು ಹುಟ್ಟಿದವರ ಪಾಸ್‌ಪೋರ್ಟ್

— ಪುಟ್ಟಿ, ಈ ಚಿಪ್ ಇರೋ ಪಾಸ್‌ಪೋರ್ಟ್‌ಗೆ ಬೇರೆ ಅರ್ಜಿ ಹಾಕಬೇಕೇನಮ್ಮ? ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಏಜೆಂಟ್ ಸಿಕ್ಕಿದ್ದ. ಚಿಪ್‌ದು ಬೇಕು ಅಂದ್ರೆ ಖರ್ಚು ಜಾಸ್ತಿ ಆಗುತ್ತೆ ಸಾರ್, ನಾನು ಮಾಡಿಸಿಕೊಡ್ತೀನಿ ಅಂದ.

— ಬೇರೆ ಅರ್ಜಿ ಇಲ್ಲ ದೊಡ್ಡಪ್ಪ. ಈಗ ಹೊಸದಾಗಿ ಹಾಕಿದವರಿಗೂ ರಿನ್ಯೂ ಮಾಡಿಸಿದವರಿಗೂ ಬರೋದು ಇ-ಪಾಸ್‌ಪೋರ್ಟೇ. ಅದಕ್ಕೆ ಅಂತ ಬೇರೆ ಫೀಸೂ ಇಲ್ಲ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ನಿಮಗೂ ದೊಡ್ಡಮ್ಮನಿಗೂ 60 ದಾಟಿದೆ, ಮೊದಲ ಸಲ ಮಾಡಿಸ್ತಿದ್ದೀರಿ, ಅದರಲ್ಲೂ ಹತ್ತು ಪರ್ಸೆಂಟ್ ಕಮ್ಮಿ. ತಲೆಗೆ 1,350 ಆಯ್ತು. ವಿಳಾಸದ ಕೊನೇಲಿ ‘ಗವ್ ಡಾಟ್ ಇನ್’ ಅಂತ ಇರೋ ಸರ್ಕಾರದ ಪೋರ್ಟಲ್‌ನಲ್ಲೇ ಕಟ್ಟಬೇಕು. ಅದೇ ಥರ ಕಾಣೋ ಖಾಸಗಿ ವೆಬ್‌ಸೈಟುಗಳಿವೆ, ಅವು ಬೇಡ. ಚಿಪ್‌ಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಅವರ ಜೇಬಿಗೆ ಹೋಗೋ ದುಡ್ಡು.

— ಹಾಗಾದರೆ ಈ ಚಿಪ್ ಅನ್ನೋದು ಮೊನ್ನೆ ಮೊನ್ನೆ ಬಂದಿದ್ದೋ?

— ನಮ್ಮ ಕೈಗೆ ಬಂದಿದ್ದು ಮೊನ್ನೆ. ಮಲೇಷ್ಯಾದವರು 1998ರಲ್ಲೇ ಶುರು ಮಾಡಿದರು. ನಮ್ಮಲ್ಲಿ 2008ರಲ್ಲಿ ಪ್ರತಿಭಾ ಪಾಟೀಲರು ರಾಷ್ಟ್ರಪತಿ ಆಗಿದ್ದಾಗ ಮೊದಲನೇದನ್ನ ಅವರಿಗೆ ಕೊಟ್ಟರು. ಅದು ರಾಜತಾಂತ್ರಿಕರಿಗೆ, ಸರ್ಕಾರಿ ಕೆಲಸದ ಮೇಲೆ ಹೋಗೋ ಅಧಿಕಾರಿಗಳಿಗೆ ಮಾತ್ರ ಇತ್ತು. ಜನಸಾಮಾನ್ಯರ ನೀಲಿ ಪುಸ್ತಕಕ್ಕೆ ಚಿಪ್ ಬರೋಕೆ ಆಮೇಲೆ ಹದಿನಾರು ವರ್ಷ ಹಿಡೀತು. 2024ರ ಏಪ್ರಿಲ್‌ನಲ್ಲಿ ನಾಗಪುರ, ಭುವನೇಶ್ವರದಲ್ಲಿ ಶುರುವಾಗಿ 2025ರಲ್ಲಿ ದೇಶಕ್ಕೆಲ್ಲ ಬಂತು. ಅಚ್ಚಾಗೋದು ನಾಸಿಕ್‌ನ ಸೆಕ್ಯುರಿಟಿ ಪ್ರೆಸ್‌ನಲ್ಲಿ. ಹಳೇ ಪುಸ್ತಕ ಇದ್ದವರು ಓಡಿ ಹೋಗಿ ಬದಲಾಯಿಸಬೇಕಾಗಿಲ್ಲ, ಅವಧಿ ಮುಗಿಯೋವರೆಗೂ ಅದು ನಡೆಯುತ್ತೆ.

— ನಿನ್ನದು ಚಿಪ್ ಇರೋದಲ್ವಾ? ಎಲ್ಲಿ ಕೊಡು ನೋಡೋಣ.

— ತಗೊಳ್ಳಿ. ಮುಖಪುಟದ ಕೆಳಗಡೆ ಚಿನ್ನದ ಬಣ್ಣದಲ್ಲಿ ಒಂದು ಚಿಕ್ಕ ಗುರುತಿದೆ ನೋಡಿ. ಉದ್ದ ಚೌಕ, ನಡುವೆ ಒಂದು ವೃತ್ತ, ಅಡ್ಡಕ್ಕೆ ಒಂದು ಗೆರೆ. ಯಾವ ದೇಶದ ಪಾಸ್‌ಪೋರ್ಟ್ ಆದರೂ ಈ ಗುರುತು ಇದ್ದರೆ ಒಳಗೆ ಚಿಪ್ ಇದೆ ಅಂತ ಅರ್ಥ. ಚಿಪ್, ಅದರ ಆಂಟೆನಾ ಎರಡೂ ಪುಸ್ತಕದೊಳಗೇ ಹುದುಗಿವೆ. ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಹಿಡಿದಾಗ ಅದರಿಂದಲೇ ಶಕ್ತಿ ತಗೊಂಡು ಮಾತಾಡುತ್ತೆ, ದೂರ ತಗೊಂಡ್ರೆ ಸುಮ್ಮನಾಗುತ್ತೆ. ಅದಕ್ಕೇ ನಾವು ಎಲ್ಲಿದ್ದೀವಿ ಅಂತ ಅದು ಯಾರಿಗೂ ಹೇಳೋಕಾಗಲ್ಲ. ಮಡಚಬಾರದು, ಸ್ಟೇಪಲ್ ಹೊಡೀಬಾರದು, ಅಷ್ಟೇ ನಾವು ನೋಡಿಕೊಳ್ಳಬೇಕಾದ್ದು.

— ಈ ಫೋಟೋ ಇರೋ ಪುಟದ ಕೆಳಗೆ ಎರಡು ಸಾಲು ಇದ್ಯಲ್ಲ, ಅಕ್ಷರ, ಅಂಕಿ, ನಡುನಡುವೆ ಗಣಿತದ ‘ಕಡಿಮೆ’ ಚಿಹ್ನೆ. ಇದೇನು?

— ಅದು ಯಂತ್ರ ಓದೋ ಜಾಗ. ಒಂದೊಂದು ಸಾಲಿಗೂ ಸರಿಯಾಗಿ 44 ಅಕ್ಷರ. ಹೆಸರು ಚಿಕ್ಕದಾದರೆ ಉಳಿದ ಜಾಗಕ್ಕೆ ಆ ಚಿಹ್ನೆ ತುಂಬ್ತಾರೆ. ಮೇಲಿನ ಸಾಲಲ್ಲಿ ದೇಶ, ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಕೆಳಗಿನ ಸಾಲಲ್ಲಿ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು, ಅವಧಿ ಮುಗಿಯೋ ತಾರೀಖು. ನೀವು ಗಣಿತದ ಮೇಷ್ಟ್ರು, ನಿಮಗೆ ಖುಷಿ ಕೊಡೋ ವಿಷಯ ಇಲ್ಲೊಂದಿದೆ. ಪ್ರತಿ ತಾರೀಖಿನ ಪಕ್ಕ ಒಂದು ಅಂಕಿ ಹೆಚ್ಚಿಗೆ ಇರುತ್ತೆ, ತಾಳೆ ನೋಡೋ ಅಂಕಿ. ನಿಮ್ಮ ತಾರೀಖು ಹೇಳಿ.

— 1958, ಜೂನ್ 1.

— ವರ್ಷ ಮೊದಲು, ಆಮೇಲೆ ತಿಂಗಳು, ದಿನ. 580601. ಎಡದಿಂದ 7, 3, 1 ಅಂತ ಗುಣಿಸ್ತಾ ಹೋಗಿ, ಮತ್ತೆ 7, 3, 1. ಎಲ್ಲ ಕೂಡಿ ಹತ್ತರಿಂದ ಭಾಗಿಸಿದರೆ ಉಳಿಯೋ ಶೇಷವೇ ಆ ಅಂಕಿ.

— ಐದೇಳ್ಲ ಮೂವತ್ತೈದು, ಎಂಟ್ಮೂರ್ಲ ಇಪ್ಪತ್ನಾಲ್ಕು, ಸೊನ್ನೆ. ಆರೇಳ್ಲ ನಲವತ್ತೆರಡು, ಸೊನ್ನೆ, ಒಂದು. ಒಟ್ಟು ನೂರಾ ಎರಡು. ಶೇಷ ಎರಡು.

— ನಿಮ್ಮ ತಾರೀಖಿನ ಪಕ್ಕ 2 ಇರುತ್ತೆ. ಯಾರೋ ಕೈತಪ್ಪಿ 01ರ ಬದಲು 10 ಹೊಡೆದರು ಅಂದುಕೊಳ್ಳಿ.

— ಆಗ ಕೊನೇ ಎರಡು ಅಂಕಿ ಅದಲುಬದಲು... ಮೂರು, ಸೊನ್ನೆ. ಒಟ್ಟು ನೂರಾ ನಾಲ್ಕು. ಶೇಷ ನಾಲ್ಕು. ಸಿಕ್ಕಿಬಿತ್ತಲ್ಲ! ಭಲೇ. ಬಹಳ ಸರಳ, ಆದರೆ ಬಹಳ ಚೆನ್ನಾಗಿದೆ. ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡಬಹುದಾದ ಲೆಕ್ಕ ಇಡೀ ಪ್ರಪಂಚದ ವಿಮಾನ ನಿಲ್ದಾಣದಲ್ಲಿ ನಡೀತಿದೆ ಅನ್ನು. ಆದರೆ ಪುಟ್ಟಿ, ಕಳ್ಳನಿಗೂ ಈ ಲೆಕ್ಕ ಬರುತ್ತಲ್ಲ? ತಾರೀಖನ್ನೂ ತಿದ್ದಿ ಪಕ್ಕದ ಅಂಕಿಯನ್ನೂ ತಿದ್ದಿಬಿಟ್ಟರೆ?

— ಚಿಪ್ ಬೇಕಾಗಿದ್ದು ಅದಕ್ಕೇ ದೊಡ್ಡಪ್ಪ. ಈ ಅಂಕಿ ಕೈತಪ್ಪನ್ನ ಹಿಡಿಯುತ್ತೆ, ಕಳ್ಳತನ ಹಿಡಿಯಲ್ಲ. ಈ ಪುಟದಲ್ಲಿರೋ ವಿವರ, ಫೋಟೋ ಎಲ್ಲ ಚಿಪ್‌ನಲ್ಲಿ ಮತ್ತೊಂದು ಸಲ ಇರುತ್ತೆ. ಅದರ ಮೇಲೆ ಸರ್ಕಾರದ ಡಿಜಿಟಲ್ ಸಹಿ. ಮಾರ್ಕ್ಸ್ ಕಾರ್ಡಿನ ಫೋಟೋ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರೋ ಹಾಗೆ ನೀವು ಗುಂಡು ಸೀಲು ಒತ್ತುತ್ತಿದ್ದಿರಲ್ಲ, ಫೋಟೋ ಕಿತ್ತರೆ ಗೊತ್ತಾಗಲಿ ಅಂತ, ಉದ್ದೇಶ ಅದೇ. ಆದರೆ ಸೀಲನ್ನ ಕೆತ್ತಿಸಿಕೊಳ್ಳಬಹುದು. ಈ ಸಹಿ ಹುಟ್ಟೋದೇ ಒಳಗಿರೋ ಅಕ್ಷರಗಳಿಂದ, ಸರ್ಕಾರದ ಹತ್ತಿರ ಮಾತ್ರ ಇರೋ ಒಂದು ಗುಪ್ತ ಸಂಖ್ಯೆ ಸೇರಿಸಿ. ಒಂದು ಅಕ್ಷರ ಬದಲಾದರೂ ಸಹಿ ತಾಳೆ ಆಗಲ್ಲ. ಹೊಸದಾಗಿ ಸಹಿ ಹಾಕೋಣ ಅಂದ್ರೆ ಆ ಗುಪ್ತ ಸಂಖ್ಯೆ ಇಲ್ಲ. ಸರಿಯಿದೆಯಾ ಅಂತ ನೋಡೋ ಬಹಿರಂಗ ಕೀಲಿಯನ್ನ ಮಾತ್ರ ದೇಶಗಳು ಒಂದಕ್ಕೊಂದು ಕೊಟ್ಟುಕೊಳ್ತವೆ. ಈ ನಿಯಮಗಳನ್ನೆಲ್ಲ ಮಾಡೋದು ಮಾಂಟ್ರಿಯಲ್‌ನಲ್ಲಿರೋ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ.

— ಅಂದ್ರೆ ಯಾರಿಗೂ ಮೋಸ ಮಾಡೋಕೆ ಆಗಲ್ಲ?

— ಹಾಗಂತ ಹೇಳಲ್ಲ. 2006ರಲ್ಲೇ ಜರ್ಮನಿಯ ಲೂಕಾಸ್ ಗ್ರುನ್‌ವಾಲ್ಡ್ ಅನ್ನೋರು ತಮ್ಮ ಪಾಸ್‌ಪೋರ್ಟ್‌ನ ಚಿಪ್ ಒಳಗಿರೋದನ್ನ ಇನ್ನೊಂದು ಚಿಪ್‌ಗೆ ನಕಲು ಮಾಡಿ ತೋರಿಸಿದರು. ನಕಲು ತೆಗೆಯೋಕಾಯ್ತು, ಒಳಗಿನದನ್ನ ತಿದ್ದೋಕೆ ಆಗಲಿಲ್ಲ. ನಕಲು ಹಿಡಕೊಂಡು ಬಂದವನ ಮುಖ ಫೋಟೋಗೆ ಹೊಂದಬೇಕಲ್ಲ? ಅದಕ್ಕೇ ಕೌಂಟರ್‌ನಲ್ಲಿ ಮುಖ ನೋಡೋ ಅಧಿಕಾರಿಯೋ ಕ್ಯಾಮೆರಾನೋ ಇವತ್ತಿಗೂ ಬೇಕು.

— ನಾನು ಬಸ್ಸಲ್ಲಿ ಕೂತಿರ್ತೀನಿ, ಪಕ್ಕದವನು ಮೊಬೈಲ್ ಹಿಡಿದು ನನ್ನ ಜೇಬಲ್ಲಿರೋ ಪಾಸ್‌ಪೋರ್ಟ್ ಓದಿಬಿಟ್ಟರೆ?

— ಪುಸ್ತಕ ತೆರೆಯದೆ ಓದೋಕಾಗಲ್ಲ. ಚಿಪ್ ಬಾಯಿ ಬಿಡಬೇಕಾದರೆ ಮೊದಲು ಕೀಲಿ ಕೊಡಬೇಕು. ಆ ಕೀಲಿ ತಯಾರಾಗೋದು ನೀವು ಈಗ ನೋಡಿದ ಕೆಳಗಿನ ಸಾಲಿಂದಲೇ: ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು, ಮುಗಿಯೋ ತಾರೀಖು. ನನಗೆ ನಿಜವಾಗಿ ಭಯ ಆಗೋದು ಬಸ್ಸಿನಲ್ಲಿ ಪಕ್ಕ ಕೂತವನಿಂದ ಅಲ್ಲ. ನಮ್ಮ ಜನ ಆ ಪುಟದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕ್ತಾರೆ, ಟಿಕೆಟ್ ಬುಕ್ ಮಾಡೋ ಹುಡುಗನಿಗೆ ಕಳಿಸ್ತಾರೆ, ಜೆರಾಕ್ಸ್ ಅಂಗಡಿ ಕಂಪ್ಯೂಟರಲ್ಲಿ ಬಿಟ್ಟು ಬರ್ತಾರೆ. ನಂಬರೂ ಹೋಯ್ತು, ಮುಖವೂ ಹೋಯ್ತು, ಚಿಪ್‌ನ ಕೀಲಿಯೂ ಹೋಯ್ತು. ಇಷ್ಟು ಕಷ್ಟಪಟ್ಟು ಬೀಗ ಮಾಡಿದವರ ಕೆಲಸ ನಾವೇ ಹಾಳು ಮಾಡಿದ ಹಾಗೆ.

— ಅದು ಸರಿ. ನನಗೆ ಬೇರೆ ಒಂದು ಸಂಕಟ ಇದೆ ಕಣಮ್ಮ. ಜೂನ್ 1 ಅಂದೆನಲ್ಲ, ಅದು ನಾನು ಹುಟ್ಟಿದ ದಿನ ಅಲ್ಲ. ನಮ್ಮವ್ವ ಹೇಳ್ತಿದ್ದಳು, ಗೌರಿ ಹಬ್ಬದ ಹಿಂದಿನ ದಿನ ಹುಟ್ಟಿದೆ ಅಂತ. ಸ್ಕೂಲಿಗೆ ಸೇರಿಸಬೇಕಾದರೆ ಮೇಷ್ಟ್ರು ವಯಸ್ಸು ತುಂಬಲಿ ಅಂತ ಜೂನ್ 1 ಬರೆದುಕೊಂಡರು. ಸ್ಕೂಲು ತೆರೆಯೋದು ಜೂನ್‌ನಲ್ಲಿ ತಾನೆ? ನನ್ನ ಕ್ಲಾಸಲ್ಲಿ ಬೇಕಾದಷ್ಟು ಹುಡುಗರು ಜೂನ್ 1ರವರು. ಆ ತಾರೀಖಿಗೇ ನೌಕರಿ, ಆ ತಾರೀಖಿಗೇ 2018ರಲ್ಲಿ ನಿವೃತ್ತಿ, ಪೆನ್ಷನ್ನೂ ಅದಕ್ಕೇ. ಈಗ ದೇಶವೇ ಅದರ ಮೇಲೆ, ಯಾರೂ ಅಳಿಸಲಾಗದ ಸಹಿ ಹಾಕುತ್ತೆ ಅಂತೀಯ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಸರಿಯಾಗಿರಬೇಕು ಅಂತ ಹೇಳಿದವನು ನಾನು.

— ದೊಡ್ಡಪ್ಪ, ಆ ಸಹಿ ಹೇಳೋದು ಒಂದೇ ಮಾತು: ಈ ವಿವರವನ್ನ ಕೊಟ್ಟಿದ್ದು ಭಾರತ ಸರ್ಕಾರ, ಕೊಟ್ಟ ಮೇಲೆ ಯಾರೂ ಮುಟ್ಟಿಲ್ಲ. ನೀವು ಯಾವತ್ತು ಹುಟ್ಟಿದಿರಿ ಅನ್ನೋದು ಅದಕ್ಕೆ ಗೊತ್ತಿಲ್ಲ. ನಿಮ್ಮ ಕಾಗದಗಳು ಏನು ಹೇಳ್ತವೋ ಅದೇ ಗೊತ್ತು. ಸೇವಾ ಕೇಂದ್ರದಲ್ಲಿ ದಿನಾ ಕೂತು ಫಾರಂ ತುಂಬಿಸ್ತೀನಲ್ಲ, ನಾನು ಎಲ್ಲರಿಗೂ ಹೇಳೋದು ಇದನ್ನೇ. ಜನ ಅಂದುಕೊಳ್ತಾರೆ, ಕಂಪ್ಯೂಟರ್ ಬಂದಿದೆ, ಚಿಪ್ ಬಂದಿದೆ, ಇನ್ನು ಎಲ್ಲ ಸರಿಹೋಗುತ್ತೆ ಅಂತ. ಚಿಪ್ ತಪ್ಪನ್ನ ತಿದ್ದಲ್ಲ. ಸರಿಯಾದ್ದನ್ನ ಎಷ್ಟು ಗಟ್ಟಿಯಾಗಿ ಕಾಪಾಡುತ್ತೋ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಾಪಾಡುತ್ತೆ. ಒಂದು ಸಲ ಸಹಿ ಬಿದ್ದು ಬೀಗ ಹಾಕಿದ ಮೇಲೆ ಅದರಲ್ಲಿ ಬರೆಯೋಕೆ ಆಗಲ್ಲ. ಹೆಸರಲ್ಲಿ ಒಂದಕ್ಷರ ತಪ್ಪಿದರೂ ಹೊಸ ಅರ್ಜಿ, ಹೊಸ ಫೀಸು, ಹೊಸ ಪುಸ್ತಕ. ಅದಕ್ಕೇ ಅರ್ಜಿಯ ಕೆಲಸ ಪೋರ್ಟಲ್‌ನಲ್ಲಿ ಶುರುವಾಗಲ್ಲ, ನಮ್ಮನೆ ಟ್ರಂಕಲ್ಲಿ ಶುರುವಾಗುತ್ತೆ. ನಿಮ್ಮ ತಾರೀಖಿನ ವಿಷಯದಲ್ಲಿ ಎಲ್ಲ ಕಾಗದವೂ ಜೂನ್ 1 ಅನ್ನುತ್ತವೆ. ಕಾನೂನಿಗೆ ಬೇಕಿರೋದು ದಾಖಲೆ. ಗೌರಿ ಹಬ್ಬಕ್ಕೆ ದಾಖಲೆ ಇಲ್ಲ.

— ಮನಸ್ಸಿಗೆ ಒಪ್ಪಲ್ಲ.

— ಒಪ್ಪಬೇಕು ಅಂತಲೂ ನಾನು ಹೇಳಲ್ಲ. ನಿಮ್ಮ ತಲೆಮಾರಿನವರು ಎಷ್ಟೋ ಜನ ಹೀಗೇ ಬದುಕಿದ್ದೀರಿ. ಈಗಿನ ಮಕ್ಕಳಿಗೆ ಆ ಪಾಡಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಅದಕ್ಕಿಂತ ಹಿಂದಿನವರಿಗೆ ಟಿಸಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪ್ಯಾನ್ ಕಾರ್ಡ್, ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಎಲ್‌ಐಸಿ ಬಾಂಡ್, ಇವುಗಳಲ್ಲಿ ಒಂದು ಸಾಕು. ನಿಮಗೆ ನಿವೃತ್ತ ಸರ್ಕಾರಿ ನೌಕರರ ಪೆನ್ಷನ್ ಆರ್ಡರೂ ನಡೆಯುತ್ತೆ.

— ಹೆಸರು? ಅದರದ್ದೂ ಹೇಳು. ಏಜೆಂಟ್ ಅದನ್ನ ಕೇಳಲೇ ಇಲ್ಲ.

— ಕೇಳಬೇಕಾಗಿದ್ದೇ ಅದನ್ನ! ನೀವು ಜೀವನವಿಡೀ ಸಹಿ ಹಾಕಿದ್ದು ಎರಡು ಇನಿಷಿಯಲ್ಲು, ಆಮೇಲೆ ಹೆಸರು. ಮೊದಲನೇದು ಊರು, ಎರಡನೇದು ತಾತನ ಹೆಸರು. ಹಳೇ ಮೈಸೂರಿನ ಕಡೆ ಹೆಚ್ಚಿನವರದ್ದು ಹೀಗೇ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಈಗ ಕಾಗದ ನೋಡೋಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪೆನ್ಷನ್ ಆರ್ಡರ್ ಎರಡರಲ್ಲೂ ಇನಿಷಿಯಲ್ ಇದೆ. ಪ್ಯಾನ್ ಕಾರ್ಡಲ್ಲಿ ಊರು ಮೊದಲು, ತಾತ ಆಮೇಲೆ, ನಿಮ್ಮ ಹೆಸರು ಕೊನೆಗೆ. ಆಧಾರ್‌ನಲ್ಲಿ ನಿಮ್ಮ ಹೆಸರು ಮಾತ್ರ ಇದೆ, ಅದೂ ಕೊನೇಲಿ ಇಂಗ್ಲಿಷಿನ ‘ಎ’ ಇಲ್ಲದೆ. ನಾಲ್ಕು ಕಾಗದದಲ್ಲಿ ಮೂರು ಮನುಷ್ಯರು.

— ಒಂದು ‘ಎ’ಗೆ ಇಷ್ಟಾ? ಕನ್ನಡದಲ್ಲಿ ಒಂದೇ ಹೆಸರು ತಾನೆ.

— ಕನ್ನಡದಲ್ಲಿ ಒಂದೇ. ಆದರೆ ಪಾಸ್‌ಪೋರ್ಟಲ್ಲಿ ಯಂತ್ರ ತಾಳೆ ನೋಡೋದು ಇಂಗ್ಲಿಷ್ ಅಕ್ಷರ. ಮಂಜುನಾಥನಿಗೆ ಕೊನೇ ‘ಎ’ ಹಾಕೋರೂ ಇದ್ದಾರೆ, ಬಿಡೋರೂ ಇದ್ದಾರೆ. ಗೌಡ ಅನ್ನೋದನ್ನ ಒಬ್ಬರು ‘ಡಬ್ಲ್ಯು’ ಹಾಕಿ ಬರೀತಾರೆ, ಇನ್ನೊಬ್ಬರು ‘ಯು’ ಹಾಕಿ. ಲಕ್ಷ್ಮಿಗೆ ‘ಕೆಎಸ್‌ಎಚ್’ ಇರಬಹುದು, ‘ಎಕ್ಸ್’ ಇರಬಹುದು. ಅಣ್ಣ ಒಂದು ಥರ, ತಮ್ಮ ಒಂದು ಥರ ಬರಕೊಂಡಿರೋ ಮನೆಗಳು ಬೇಕಾದಷ್ಟಿವೆ. ಊರಲ್ಲಿದ್ದಷ್ಟು ದಿನ ಯಾರೂ ಕೇಳಲ್ಲ. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರೂ ಒಂದೇ ಮೇಜಿನ ಮೇಲೆ ಬಂದಾಗ ಕೇಳ್ತಾರೆ.

— ಸುಮ್ಮನೆ ನನ್ನ ಹೆಸರೊಂದನ್ನೇ ಹಾಕಿಬಿಟ್ಟರೆ?

— ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತೆ. ಆದರೆ ಬಿಡಬೇಡಿ. ಹಾಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಮ್ಮ ಹೆಸರನ್ನ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕಿಬಿಡ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ! ಅಪ್ಪ ಅಮ್ಮ ಅಕ್ಕರೆಯಿಂದ ಇಟ್ಟ ಹೆಸರು ಕಣ್ಣೆದುರಿಗೆ ಇರುವಾಗಲೇ. 2022ರ ನವೆಂಬರ್‌ನಲ್ಲಿ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನ ಪ್ರವಾಸಿ ವೀಸಾದಲ್ಲಿ ಬಿಡಲ್ಲ ಅಂದಿದ್ದರು. ಅಪ್ಪನ ಹೆಸರೋ ಮನೆತನದ ಹೆಸರೋ ಎರಡನೇ ಪುಟದಲ್ಲಿದ್ದರೆ ಸಾಕು ಅಂತ ಆಮೇಲೆ ಸಡಿಲ ಮಾಡಿದರು. ದಕ್ಷಿಣದವರಿಗೇ ಇದರ ಪೆಟ್ಟು ಹೆಚ್ಚು. ಮನೆತನದ ಹೆಸರು ಇಲ್ಲದಿರೋದು ನಮ್ಮಲ್ಲಿ ಕೊರತೆ ಏನಲ್ಲ, ನಮ್ಮ ರೂಢಿ ಅದು. ಆ ರೂಢಿಗೆ ಫಾರಂನಲ್ಲಿ ಜಾಗ ಇಲ್ಲ ಅನ್ನೋದು ನನಗೆ ಇವತ್ತಿಗೂ ನೋವು ಕೊಡುತ್ತೆ.

— ಹಾಗಾದರೆ ಸರ್‌ನೇಮ್ ಜಾಗಕ್ಕೆ ಊರಿನ ಹೆಸರು ಹಾಕು. ಆ ಇನಿಷಿಯಲ್ ಬಿಡೋಕೆ ನನಗೆ ಮನಸ್ಸಿಲ್ಲ. ಅಲ್ಲಿ ಈಗ ನಮ್ಮದು ಅಂತ ಒಂದು ಗುಂಟೆಯೂ ಉಳಿದಿಲ್ಲ, ಹೆಸರಾದರೂ ಇರಲಿ.

— ಹಾಕೋಣ. ನಿಮ್ಮ ಹೆಸರು, ತಾತನ ಹೆಸರು ಎರಡೂ ಗಿವನ್ ನೇಮ್ ಜಾಗದಲ್ಲಿ, ಊರು ಸರ್‌ನೇಮ್. ಮೂರೂ ಉಳಿಯುತ್ತೆ. ಆಧಾರ್ ಮೊದಲು ಹಾಗೇ ತಿದ್ದಿಸಬೇಕು. ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜೀವನದಲ್ಲಿ ಎರಡೇ ಸಲ ಅವಕಾಶ, ಆದ್ದರಿಂದ ಅಕ್ಷರ ಇವತ್ತೇ ಗಟ್ಟಿ ಮಾಡಿಕೊಳ್ಳೋಣ. ಜರ್ಮನಿಯಲ್ಲಿರೋ ನಿಮ್ಮ ಮಗನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಏನಿದೆ ಗೊತ್ತಾ? ನಿಮ್ಮ ಹೆಸರು. ಅಲ್ಲಿ ಆಫೀಸಲ್ಲಿ, ಬ್ಯಾಂಕಲ್ಲಿ ಅವನನ್ನ ಕರೆಯೋದೇ ನಿಮ್ಮ ಹೆಸರಿಂದ.

— ಹೌದಾ? ಅವನು ಯಾವತ್ತೂ ಹೇಳಲಿಲ್ಲ.

— ಹೇಳೋ ವಿಷಯ ಅಂತ ಅವನಿಗೆ ಅನಿಸಿರಲಿಕ್ಕಿಲ್ಲ. ನನಗೆ ಅದು ಬೇಕಾಗಿರೋದು ಬೇರೆ ಕಾರಣಕ್ಕೆ. ಅವನ ಪಾಸ್‌ಪೋರ್ಟ್ ಹಳೇದು, ಕೊನೇ ಪುಟದಲ್ಲಿ ಅಪ್ಪ ಅಮ್ಮನ ಹೆಸರು ಅಚ್ಚಾಗಿದೆ. ನೀವು ವೀಸಾ ಕೇಳೋವಾಗ ಇವನು ನನ್ನ ಮಗ ಅಂತ ತೋರಿಸಬೇಕಲ್ಲ, ಆಗ ಆ ಪುಟದ ಸ್ಪೆಲಿಂಗೂ ನಿಮ್ಮ ಪಾಸ್‌ಪೋರ್ಟಿನ ಸ್ಪೆಲಿಂಗೂ ಹೊಂದಿದರೆ ಒಳ್ಳೇದು. ಚಿಪ್ ಇದೆ ಅಂತ ವೀಸಾ ಏನೂ ತಪ್ಪಲ್ಲ.

— ಚಿಪ್‌ನಿಂದ ನನಗೆ ಲಾಭ ಏನು ಹಾಗಾದರೆ?

— ನಿಮ್ಮ ಪುಸ್ತಕ ಕಳೆದುಹೋದರೆ ಅದರಲ್ಲಿ ಇನ್ನೊಬ್ಬನ ಫೋಟೋ ಅಂಟಿಸಿಕೊಂಡು ತಿರುಗೋದು ಕಷ್ಟ ಆಗುತ್ತೆ. ಗಡಿಯಲ್ಲಿ ಅಧಿಕಾರಿಗೆ ಭಾರತದ ಪುಸ್ತಕ ಅಸಲಿಯೋ ನಕಲಿಯೋ ಅನ್ನೋ ಅನುಮಾನ ಕಮ್ಮಿ ಆಗುತ್ತೆ. ಷೆಂಗನ್ ದೇಶಗಳಲ್ಲಿ 2025ರ ಅಕ್ಟೋಬರ್‌ನಿಂದ ಪುಟದ ಮೇಲೆ ಠಸ್ಸೆ ಒತ್ತೋ ಬದಲು ಪಾಸ್‌ಪೋರ್ಟ್ ವಿವರ, ಮುಖದ ಚಿತ್ರವನ್ನ ಕಂಪ್ಯೂಟರಲ್ಲಿ ದಾಖಲಿಸೋ ವ್ಯವಸ್ಥೆ ಬಂದಿದೆ. ಅಂಥ ಕಡೆ ಯಂತ್ರ ಓದಬಲ್ಲ ಪುಸ್ತಕ ಅನುಕೂಲ. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದರೆ ಜಾಹೀರಾತಾಗುತ್ತೆ.

— ನಿನ್ನ ದೊಡ್ಡಮ್ಮನದ್ದು? ಅವಳು ಓದಿದ್ದು ನಾಲ್ಕನೇ ಕ್ಲಾಸು. ಎಸ್‌ಎಸ್‌ಎಲ್‌ಸಿ ಇಲ್ಲದವರ ಪಾಸ್‌ಪೋರ್ಟಿಗೆ ಏನೋ ಗುರುತು ಹಾಕ್ತಾರಂತೆ.

— ಇಸಿಆರ್. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿದ ಕೆಲವು ದೇಶಗಳಿಗೆ ಕೂಲಿ, ಮನೆಗೆಲಸಕ್ಕೆ ಹೋಗೋವಾಗ ಮೋಸ ಹೋಗದೇ ಇರಲಿ, ಸರ್ಕಾರದ ಕ್ಲಿಯರೆನ್ಸ್ ತಗೊಂಡು ಹೋಗಲಿ ಅಂತ ಇರೋ ನಿಯಮ. 50 ವರ್ಷ ದಾಟಿದವರಿಗೆ ಅದು ಬೇಡ. ದೊಡ್ಡಮ್ಮನಿಗೆ ಹುಟ್ಟಿದ ತಾರೀಖಿಗೆ ಎಲ್‌ಐಸಿ ಬಾಂಡ್ ಇದೆ, ನಾನು ನೋಡಿದ್ದೀನಿ. ಅವರದ್ದು ನಿಮ್ಮದಕ್ಕಿಂತ ಸಲೀಸು, ಎಲ್ಲ ಕಡೆ ಒಂದೇ ಹೆಸರು.

— ಮೈಸೂರಿಗೇ ಹೋಗಬೇಕಾ, ಬೆಂಗಳೂರಿಗಾ?

— ಮೈಸೂರಲ್ಲೇ ಆಗುತ್ತೆ, ಅಂಚೆ ಕಚೇರಿಯೊಳಗಿನ ಕೇಂದ್ರದಲ್ಲಿ. 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಅಂಥ ಕೇಂದ್ರ ತೆರೆದ ಎರಡು ಊರಲ್ಲಿ ಮೈಸೂರು ಒಂದು, ಇನ್ನೊಂದು ಗುಜರಾತಿನ ದಾಹೋದ್. ಸ್ಟುಡಿಯೋದಲ್ಲಿ ಫೋಟೋ ತೆಗೆಸಬೇಡಿ, ಅಲ್ಲೇ ತೆಗೀತಾರೆ, ಬೆರಳಚ್ಚೂ ಅಲ್ಲೇ. ಫೋಟೋ ತೆಗೆದ ಮೇಲೆ ಸ್ಕ್ರೀನಿನಲ್ಲಿ ನಿಮ್ಮ ವಿವರ ತೋರಿಸಿ ಸರಿಯಿದೆಯಾ ಅಂತ ಕೇಳ್ತಾರೆ. ಹಿಂದೆ ಜನ ನಿಂತಿದ್ದಾರೆ ಅಂತ ನಮ್ಮವರು ಹೂಂ ಹೂಂ ಅಂದುಬಿಡ್ತಾರೆ. ನೀವು ಹಾಗನ್ನಬೇಡಿ. ಕನ್ನಡಕ ಹಾಕಿಕೊಂಡು, ಪರೀಕ್ಷೆ ಪೇಪರ್ ತಿದ್ದೋ ಹಾಗೆ ಅಕ್ಷರ ಅಕ್ಷರ ಓದಿ. ಸಹಿ ಬೀಳೋ ಮುಂಚೆ ನಮ್ಮ ಕೈಲಿರೋ ಕೊನೇ ಗಳಿಗೆ ಅದು.

— ಓದ್ತೀನಿ. ಪೊಲೀಸರು ಬರ್ತಾರಲ್ವಾ?

— ಬರ್ತಾರೆ, ವಿಳಾಸ ನೋಡ್ತಾರೆ, ಕೇಸು ಇದೆಯಾ ನೋಡ್ತಾರೆ. ಅವರಿಗೆ ಕೊಡಬೇಕಾದ ಫೀಸ್ ಅಂತ ಯಾವುದೂ ಇಲ್ಲ. ಕಾಫಿ ಕೊಡಿ, ಸಾಕು. ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೇ ಬರುತ್ತೆ.

— ಸರಿ, ಮಗನಿಗೆ ಈಗಲೇ ಮೆಸೇಜ್ ಮಾಡ್ತೀನಿ, ಪಾಸ್‌ಪೋರ್ಟ್ ಫೋಟೋ ಕಳಿಸು ಅಂತ.

— ಫೋಟೋ ಬೇಡ ದೊಡ್ಡಪ್ಪ. ಫೋನ್ ಮಾಡಿ. ಅಲ್ಲಿ ಈಗ ಬೆಳಿಗ್ಗೆ, ಎದ್ದಿರ್ತಾನೆ. ಕೊನೇ ಪುಟ ತೆಗೆದು ನಿಮ್ಮ ಹೆಸರಿನ ಸ್ಪೆಲಿಂಗ್ ಅವನು ಓದಲಿ, ನೀವು ಬರಕೊಳ್ಳಿ. ದೊಡ್ಡಮ್ಮನದ್ದೂ ಕೇಳಿ. ಸೋಮವಾರ ಅದನ್ನ ಹಿಡಕೊಂಡು ಆಧಾರ್ ಕೇಂದ್ರಕ್ಕೆ ಹೋಗೋಣ. ಪೆನ್ಷನ್ ಆರ್ಡರ್ ಮೂಲಪ್ರತಿ ಹುಡುಕಿಡಿ, ಜೆರಾಕ್ಸ್ ಸಾಲದು.